ಬಾಯಿಟ್ಟ ಮಣ್ಣಿನ ಲೋಟ

ಆಗ ನನಗೆ ಅರವತ್ತೊಂಬತ್ತು, ಆರು ವರ್ಷದ ಹಿಂದಿನ ಮಾತು. ಹೊರದೇಶದಲ್ಲಿ, ಮಾಂಟ್ ಕಿಯಾರಾ ಅನ್ನೋ ಕಡೆ ಮಗಳ ಮನೆಯ ಎದುರು ಬಾಗಿಲಿನವಳು ಮಣ್ಣಿನ ಲೋಟ, ಬಟ್ಟಲು ಮಾಡಿ ಮಾರುತ್ತಿದ್ದಳು. ತಾಯಿ ಆಫ್ರಿಕಾದವಳು, ತಂದೆ ಹಾಲೆಂಡಿನವನು. ಲೋಟದ ಮೇಲೆ ತಂದೆ ಊರಿನ ನೀಲಿ ಹೂಬಳ್ಳಿ ಬರೆಯುವಳು, ಕೆಳಗೆ ತಾಯಿ ಕಡೆಯವರು ಮನೆ ಗೋಡೆಗೆ ಬರೆಯುವ ಕಪ್ಪು ಬಿಳಿ ಮೂರು ಮೂಲೆ ಚಿತ್ತಾರ. ಯಾರಾದರೂ ಅದನ್ನು ಶೋಕೇಸಿನಲ್ಲಿಟ್ಟರೆ ತಾನೇ ತೆಗೆದು ಕೈಗೆ ಕೊಟ್ಟು, "ಮಿನುಮ್ ಲಾ" ಅನ್ನುವಳು. ಅಲ್ಲಿನ ಮಲಯ್ ಮಾತಲ್ಲಿ ಕುಡೀರಿ ಅಂತ.

ನನಗೂ ಒಂದು ಕೊಟ್ಟಳು. ಕಾಫಿ ಕುಡಿದು ಕಸಕ್ಕೆ ಎಸೆದೆ. ಬಾಯಿಟ್ಟ ಮಣ್ಣಿನ ಪಾತ್ರೆ ನಮ್ಮಲ್ಲಿ ತೊಳೆದರೂ ಎಂಜಲೇ. ಗಾಜಿನ ಹೊಳಪಿದ್ದರೇನು, ಮಣ್ಣು ಮಣ್ಣೇ.

ಸಂಜೆ ಬಂದವಳು ಲೋಟ ಎಲ್ಲಿ ಅಂತ ಸನ್ನೆ ಮಾಡಿದಳು. ಕಸದ ಬುಟ್ಟಿ ತೋರಿಸಿದೆ. ಹಿಡಿ ಮುರಿದಿತ್ತು.

ಮಗಳು ಹಣೆ ಚಚ್ಚಿಕೊಂಡಳು. "ಅಮ್ಮಾ, ಹದಿನೈದು ದಿನದ ಕೆಲಸ ಅದು! ನಿನ್ನ ಮಡಿಗೆ ಬೆಂಕಿ ಹಾಕ!"

ಎದುರು ಬಾಗಿಲಿನವಳು ಬುಟ್ಟಿಯಿಂದ ಲೋಟ ಎತ್ತಿ, ತಳದ ಕಾಫಿ ಕಲೆ ನೋಡಿದಳು. "ಮಿನುಮ್?"

"ಕುಡಿದೆ ಕಣೇ, ಸುಳ್ಳು ಯಾಕೆ ಹೇಳಲಿ?" ಅಂದೆ.

ಹೋಗಿ ಇನ್ನೊಂದು ಲೋಟ ತಂದು ನನ್ನ ಮುಂದಿಟ್ಟಳು. ಈ ಸಲ ಮಿನುಮ್ ಲಾ ಅನ್ನಲಿಲ್ಲ.

ಮಾರನೇ ಬೆಳಿಗ್ಗೆ ಅದರಲ್ಲೇ ಕಾಫಿ ಕುಡಿದೆ. ತೊಳೆದು, ಸ್ಟೀಲ್ ಲೋಟಗಳ ಪಕ್ಕ ಬೋರಲು ಹಾಕಿದೆ.