ಸಂಕಲನ: ಮುಸರ್ರತ್

ಎಂಬತ್ತರ ದಶಕದಲ್ಲಿ ಚಿತ್ರದ ಹಾಡು ಸಪ್ಪೆಯಾಗಿದೆ ಅನ್ನಿಸಿದರೆ ನಿರ್ಮಾಪಕರು ಫಿಲಂ ಡಬ್ಬಿಗಳನ್ನು ಆಟೊಗೆ ಹಾಕಿಕೊಂಡು ಯಶವಂತಪುರಕ್ಕೆ ಓಡಿಬರುತ್ತಿದ್ದರು. ಅಲ್ಲಿ ಮುಸರ್ರತ್ ಇದ್ದಳು. ಕ್ಯಾಸೆಟ್ ಕಂಪನಿಗಳು ಹಾಡಿನ ವಿಡಿಯೊ ಮಾಡಲು ಹೊರಟಾಗಲೂ ಮೊದಲು ತಟ್ಟಿದ್ದು ಅವಳ ಬಾಗಿಲನ್ನೇ. ಬಾಯಿ ಜೋರು, ಕೆಲಸ ಇನ್ನೂ ಜೋರು. ಹೀರೊ ಹೆಜ್ಜೆ ತಪ್ಪಿದ್ದರೆ ಮುಲಾಜಿಲ್ಲದೆ ಕತ್ತರಿಸಿ ಬಿಸಾಡುತ್ತಿದ್ದಳು; ಅವನು ಬಂದು ಗೊಣಗಿದರೆ ಡಾನ್ಸ್ ಕಲಿತು ಬನ್ನಿ ಎನ್ನುತ್ತಿದ್ದಳು. ಇಂಥವಳ ಹೆಸರನ್ನೇ ಒಮ್ಮೆ ನುಂಗಿಹಾಕಲು ನೋಡಿದ್ದರು ಎಂದರೆ ಈಗ ಯಾರೂ ನಂಬುವುದಿಲ್ಲ.

ಗೊರಗುಂಟೆಪಾಳ್ಯದ ಟೈಲರ್ ಮಗಳು. ಫಿಲಂ ತುಂಡುಗಳನ್ನು ಅಂಟಿಸುವ ಕೆಲಸಕ್ಕೆಂದು ವೀರಬಸಪ್ಪ ಮಾಸ್ತರರ ಎಡಿಟಿಂಗ್ ಕೋಣೆಗೆ ಸೇರಿದ್ದಳು. ಗದಗಿನ ಕಡೆಯ ಮಾಸ್ತರರು ಮುಂಗೋಪಿ, ಆದರೆ ವಿದ್ಯೆ ಬಚ್ಚಿಟ್ಟವರಲ್ಲ. ಎಪ್ಪತ್ತೆಂಟನೇ ಇಸವಿಯಲ್ಲಿ ಅವರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಆಗಷ್ಟೇ ಕೈಗೆ ಬಂದಿದ್ದ ಚಿತ್ರವನ್ನು ಮೊದಲಿಂದ ಕೊನೆಯವರೆಗೆ ಮುಸರ್ರತ್ ಒಬ್ಬಳೇ ಕೂತು ಜೋಡಿಸಿದಳು.

ನಿರ್ಮಾಪಕ ಚಿಕ್ಕಬೈರಪ್ಪ, ಯಲಹಂಕದಲ್ಲಿ ದ್ರಾಕ್ಷಿ ತೋಟ ಇದ್ದವನು, ನೋಡಿ ಕುಣಿದಾಡಿದ. ಆಮೇಲೆ, ತೆರೆಯ ಮೇಲೆ ಸಂಕಲನ ಅಂತ ಮಾಸ್ತರರ ಹೆಸರನ್ನೇ ಹಾಕುತ್ತೇನೆ ಎಂದ. ಹುಡುಗಿ ಕತ್ತರಿಸಿದ ಚಿತ್ರವನ್ನು ಹಂಚಿಕೆದಾರರು ಮುಟ್ಟುವುದಿಲ್ಲವಂತೆ. ಗುರುವಿನ ಹೆಸರು ತಾನೇ, ಬಿಟ್ಟುಕೊಡು ಎಂದು ಎಲ್ಲರೂ ಬುದ್ಧಿ ಹೇಳಿದರು, ಮನೆಯಲ್ಲಿ ಅಮ್ಮ ಕುಲ್ಸುಮ್ ಕೂಡ. ಬಿಟ್ಟುಕೊಡುವ ಉಪದೇಶ ಯಾವಾಗಲೂ ಯಾರ ಪಾಲಿಗೆ ಬರುತ್ತದೆಂದು ನಮಗೆ ಗೊತ್ತಿಲ್ಲವೇ?

ಅವಳು ಮಾಸ್ತರರ ಮನೆಗೇ ಹೋದಳು. ಮಲಗಿದ್ದಲ್ಲಿಂದ ಅವರು ಗೋಡೆ ನೋಡುತ್ತ ಹೇಳಿದರು:

"ಹಾಕ್ಲಿ ಬಿಡವಾ. ಇದೊಂದ ಕಡೀದು."

ಅವಳಿಗೆ ಅಳು ಬಂತು, ಅತ್ತಳು. ಒಪ್ಪಲಿಲ್ಲ.

"ಕಲ್ಸಿದ್ದು ನೀವು ಸಾರ್, ಯಾರ್ ಮುಂದೆ ಬೇಕಾದ್ರೂ ಹೇಳ್ತೀನಿ. ಕತ್ತರಿಸಿದ್ದು ನಾನು."

ಶೂಟಿಂಗಿನ ಮೂಲ ನೆಗೆಟಿವ್‌ಗೆ ಇನ್ನೂ ಕತ್ತರಿ ಬಿದ್ದಿರಲಿಲ್ಲ. ಅವಳು ಜೋಡಿಸಿದ ಪ್ರತಿಯನ್ನು ನೋಡಿಕೊಂಡೇ ಅದನ್ನು ಕತ್ತರಿಸಬೇಕಿತ್ತು. ಮರುದಿನ ಚಿಕ್ಕಬೈರಪ್ಪನ ಎದುರಿಗೇ ಬಿಳಿ ಗ್ಲೌಸ್ ಹಾಕಿಕೊಂಡು, ಆ ಪ್ರತಿಯ ಅಂಟುಪಟ್ಟಿಗಳನ್ನು ಒಂದೊಂದಾಗಿ ಕಿತ್ತು ತುಂಡುಗಳನ್ನು ಕೊಕ್ಕೆಗೆ ನೇತುಹಾಕತೊಡಗಿದಳು. ಅವನು ಹೌಹಾರಿದ. ನನ್ನ ಕೆಲಸ ನಾನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ, ನೀವು ಶೂಟ್ ಮಾಡಿದ್ದು ಹಾಗೆಯೇ ಇದೆ, ಮಾಸ್ತರರ ಹೆಸರಲ್ಲಿ ಯಾರಿಂದಲಾದರೂ ಜೋಡಿಸಿಕೊಳ್ಳಿ ಎಂದಳು. ಹಾಡಿನ ರೀಲಿಗೆ ಕೈ ಹಾಕಿದಾಗ ಅವನು ಸ್ಟೂಲಿನ ಮೇಲೆ ಕುಸಿದ.

"ಆಯ್ತು ಕಣವ್ವ, ನಿನ್ನೆಸ್ರೇ ಆಕ್ತೀನಿ. ಮೊದ್ಲು ಅದ ಅಂಟ್ಸು."

ಟೈಟಲ್ ಬರೆಯುವವನು ಬಂದು ಅವಳ ಹೆಸರು ಬರೆದು ತೋರಿಸುವ ತನಕ ಅವಳು ಅಂಟಿಸಲಿಲ್ಲ. ಮಾಸ್ತರರು ಅವಳ ಜೊತೆ ಮಾತು ಬಿಟ್ಟರು. ಆ ನೋವು ಅವಳಿಗೆ ಉಳಿದೇ ಉಳಿಯಿತು. ಪಶ್ಚಾತ್ತಾಪ ಮಾತ್ರ ಪಡಲಿಲ್ಲ, ಯಾಕೆ ಪಡಬೇಕು?

ಬಿಡುಗಡೆಯ ದಿನ ಟಾಕೀಸಿನಲ್ಲಿ ಟೈಟಲ್ ಶುರುವಾದಾಗ ಅರ್ಧ ಜನ ಇನ್ನೂ ಸೀಟು ಹುಡುಕುತ್ತಿದ್ದರು. ಮುಸರ್ರತ್ ಮುಂದೆ ದಪ್ಪನೆಯ ಯಜಮಾನರೊಬ್ಬರು ತೆರೆಗೆ ಅಡ್ಡ ನಿಂತು ಯಾರನ್ನೋ ಕೂಗುತ್ತಿದ್ದರು. ಅವಳು ಎದ್ದು ಅವರ ಭುಜ ತಟ್ಟಿದಳು.

"ಕೂತ್ಕೊಳ್ರೀ. ನನ್ ಹೆಸ್ರು ಬರ್ತಿದೆ."