ನಾನು ಉಟ್ಟ ಧಾರೆ ಸೀರೆ

ನಮ್ಮ ಸುಮಾಳಿಗೆ ಮದುವೆ ಗೊತ್ತಾಯಿತು! ನನ್ನ ಮೊದಲ ಮೊಮ್ಮಗಳು, ಎತ್ತಿ ಆಡಿಸಿದ ಕೂಸು. ಗಂಡು ಅರಕಲಗೂಡಿನವನು, ಶಾಲೆ ಮೇಷ್ಟ್ರು, ಬಲು ಒಳ್ಳೆಯ ಹುಡುಗ. 2009ರಲ್ಲಿ ಈ ಸುದ್ದಿಯನ್ನು ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಕಾಫಿಪುಡಿ ಅಂಗಡಿಯವನಿಗೆ ಎರಡು ಸಲ ಹೇಳಿದೆನಂತೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಆದರೆ ಸೀರೆಯ ವಿಷಯದಲ್ಲಿ ನನ್ನನ್ನು ಯಾರೂ ತಿದ್ದಲಾರರು. ಮೂವತ್ತೈದು ವರ್ಷ ಸೀರೆ ಅಂಗಡಿ ನಡೆಸಿದವನು. ಮಡಿಸಿಟ್ಟ ಸೀರೆಯ ಅಂದ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ನಾನು ಪಂಚೆಯ ಮೇಲೇ ಸೀರೆ ಸುತ್ತಿಕೊಂಡು, ನೆರಿಗೆ ಹಿಡಿದು, ಸೆರಗು ಹೊದ್ದು, ಒಂದು ಸುತ್ತು ತಿರುಗಿ ತೋರಿಸುತ್ತಿದ್ದೆ. ನನ್ನ ದಪ್ಪ ಮೀಸೆ ನೋಡಿ ಹೆಂಗಸರು ನಗುತ್ತಿದ್ದರು; ನಗುತ್ತಲೇ ಕೊಂಡು ಹೋಗುತ್ತಿದ್ದರು.

ಆ ಹೊತ್ತಿಗೆ ವ್ಯಾಪಾರ ಸೊರಗಿತ್ತು. ಎಷ್ಟೋ ಜನ ಹಾಸನದ ದೊಡ್ಡ ಅಂಗಡಿಗಳಿಗೆ ಹೋಗತೊಡಗಿದ್ದರು. ಕೆಲವರು ಕಂಪ್ಯೂಟರಿನಲ್ಲೇ ಬಟ್ಟೆ ತರಿಸುತ್ತಾರೆ ಎಂದು ಕೇಳಿದ್ದೆ, ನಂಬಿರಲಿಲ್ಲ. ನಿಶ್ಚಿತಾರ್ಥದ ದಿನ ಗಂಡಿನ ತಾಯಿ ಜಯಮ್ಮನವರು ನಂಬಿಸಿದರು.

"ಧಾರೆ ಸೀರೆ ಚಿಂತೆ ಬ್ಯಾಡಿ ಬೀಗ್ರೇ. ನನ್ ಮಗಳು ಆಸನದಾಗೆ ಇಂಟರ್‌ನೆಟ್ ಸೆಂಟರ್ನಲ್ಲಿ ಕುಂತು ಆರ್ಡರ್ ಮಾಡವ್ಳೆ. ನಿಮ್ ಮನೆ ಬಾಗ್ಲಿಗೇ ಬತ್ತದೆ, ರವಿಕೆ ಒಲಿಸ್ಬುಡಿ."

ನಮ್ಮಲ್ಲಿ ಧಾರೆ ಸೀರೆ ತರುವುದು ಗಂಡಿನ ಕಡೆಯವರು. ಹೆಣ್ಣಿನ ಕಡೆಯವರು ಬಾಯಿ ಹಾಕುವಂತಿಲ್ಲ. ಊರಿನ ಅರ್ಧ ಹೆಣ್ಣುಮಕ್ಕಳ ಧಾರೆ ಸೀರೆ ನನ್ನ ಕೈಯಿಂದ ಹೋಗಿದೆ, ನನ್ನ ಮೊಮ್ಮಗಳದು ಮಾತ್ರ ಕಂಪ್ಯೂಟರಿನಿಂದಲೇ? ಹೇಳಲು ಬಾಯಿ ತೆರೆದೆ. ನನ್ನ ಹೆಂಡತಿ ಲಕ್ಷ್ಮಮ್ಮ ತೊಡೆ ಚಿವುಟಿದಳು. ಮುಚ್ಚಿಕೊಂಡೆ.

ಪಾರ್ಸಲ್ ಬಂತು. ಕೊರಿಯರ್‌ನವನಿಗೆ ಮನೆ ಗೊತ್ತಾಗದೆ ಬೀದಿಯಲ್ಲಿ ಕೇಳಿದ್ದಾನೆ, ಎಲ್ಲರೂ ನನ್ನ ಅಂಗಡಿ ತೋರಿಸಿದ್ದಾರೆ.

"ಏನಪ್ಪಾ ಇದು?" ಅಂದೆ.

"ಸೀರೆ ಸಾ."

ಎದುರಿನ ಪಾತ್ರೆ ಅಂಗಡಿಯ ಶಂಕರ ಬೀದಿಗೆಲ್ಲ ಕೇಳುವಂತೆ ಕೂಗಿದ: "ಏನಣ್ಣೋ, ನಿನ್ ಅಂಗ್ಡೀಲಿ ಸೀರೆ ಮುಗ್ದೋದ್ವಾ? ಏಳಿದ್ರೆ ನಮ್ಮೆಂಗುಸ್ರುದೇ ನಾಕು ಕೊಡ್ತಿದ್ನಲ್ಲಾ!"

ಮುಂದಿನ ಭಾನುವಾರ ಜಯಮ್ಮ, ಅವರ ಅತ್ತೆ ಕೆಂಪಜ್ಜಿ ಇಬ್ಬರೂ ಸೀರೆ ನೋಡಲು ಬಂದು ಅಂಗಡಿಯಲ್ಲೇ ಕುಳಿತರು. ನಮ್ಮ ಮನೆಯವರೆಲ್ಲ ಸೇರಿದ್ದೆವು. ಜಯಮ್ಮ ಪೊಟ್ಟಣ ಬಿಚ್ಚಿ, ಸೀರೆಯ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಜಮಖಾನದ ಮೇಲಿಟ್ಟರು. ಕೆಂಪು ಸೀರೆ. ಕೆಂಪಜ್ಜಿ ಕಣ್ಣು ಕಿರಿದು ಮಾಡಿ, "ಉಟ್ರೆ ಎಂಗೆ ಕಾಣ್ತದೋ, ಯಾರಿಗ್ಗೊತ್ತು?" ಅಂದರು.

ಅಷ್ಟೇ. ಆ ಮಾತು ಕಿವಿಗೆ ಬಿದ್ದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಸೀರೆ ಎತ್ತಿ ಕೊಡವಿ, ಸೊಂಟಕ್ಕೆ ಸುತ್ತಿ, ಸೆರಗು ಹೊದ್ದು ಒಂದು ಸುತ್ತು ತಿರುಗಿಯೇ ಬಿಟ್ಟೆ. "ನೋಡಿ ತಾಯಿ, ಅಂಚು ಎಂಗ್ ನಿಂತ್ಕತ್ತದೆ!" ಎಂದೂ ಹೇಳಿದೆ.

ಅರಿಶಿನ ಹಚ್ಚಿದ ಧಾರೆ ಸೀರೆಯನ್ನು ಮದುವೆ ಹೆಣ್ಣಿಗಿಂತ ಮೊದಲು ಯಾರೂ ಉಡಬಾರದು. ನಾನು ಮೀಸೆ ಸಮೇತ ಉಟ್ಟು ನಿಂತಿದ್ದೆ.

"ಅಯ್ಯಯ್ಯೋ! ಮದ್ವೆ ಎಣ್ಣಿಗಿಂತ ಮುಂಚೆ ತಾತನೇ ಉಟ್ಬುಟ್ರಲ್ಲಾ!" ಎಂದು ಜಯಮ್ಮ ತಲೆಯ ಮೇಲೆ ಕೈಯಿಟ್ಟರು. ಸುಮಾಳ ಮುಖ ಬಿಳಿಚಿಕೊಂಡಿತು. ನನ್ನ ಕೈಯಾರೆ ಸಂಬಂಧ ಮುರಿದೆನಲ್ಲ ಎಂದು ಬೆವೆತುಹೋದೆ. ಬಿಚ್ಚಲು ಹೋದರೆ ನೆರಿಗೆ ಕಾಲಿಗೆ ಸುತ್ತಿಕೊಂಡು ಧೊಪ್ಪನೆ ಕುಳಿತೆ.

ಮೊದಲು ನಕ್ಕದ್ದು ಕೆಂಪಜ್ಜಿ. ನಕ್ಕು ನಕ್ಕು ಕೆಮ್ಮು ಬಂತು. ನೀರು ಕುಡಿದು ಹೇಳಿದರು: "ಜಯಾ, ಆ ಕಂಪೂಟ್ರು ಸೀರೆ ಅತ್ಲಾಗ್ ಬುಡು. ಇಲ್ಲೇ ಇನ್ನೊಂದು ತಗೊ. ಇವ್ರೇ ಉಟ್ ತೋರ್ಸಲಿ. ಕೊಳ್ಳಾಗಂಟ ಅದು ಬರೀ ಬಟ್ಟೆ ಕಣೇ. ಅರಿಶಿನ ಅಚ್ಚಿದ್ಮ್ಯಾಲೆ ಮಾತ್ರ ಇವ್ರ ಕೈ ಕಟ್ಟಾಕ್ಬುಡಿ!"

ಜಯಮ್ಮನವರಿಗೂ ನಗು ತಡೆಯಲಾಗಲಿಲ್ಲ. ನಾನು ಕಪಾಟು ತೆಗೆದೆ. ಹನ್ನೊಂದು ಸೀರೆ ಉಟ್ಟೆ, ಹನ್ನೊಂದು ಸಲ ತಿರುಗಿದೆ. ಕೊನೆಯದು ಗಿಳಿ ಹಸಿರು, ನೇರಳೆ ಅಂಚು. "ತಾತ, ಅದೇ!" ಎಂದು ಸುಮಾ ಅಂದಾಗ ನನ್ನ ಕಣ್ಣು ಮಂಜಾಯಿತು. ಜಯಮ್ಮ ಒಪ್ಪಿ ದುಡ್ಡು ಕೊಟ್ಟ ಕೂಡಲೇ ಲಕ್ಷ್ಮಮ್ಮ ಅದನ್ನು ನನ್ನ ಕೈಗೆ ಸಿಗದಂತೆ ಎತ್ತಿಟ್ಟಳು. ಕೆಂಪು ಸೀರೆಯನ್ನು ಜಯಮ್ಮ ಅವಳ ಮಡಿಲಿಗೇ ಹಾಕಿದರು: "ನಿಮ್ಮೆಜಮಾನ್ರು ಉಟ್ಟಿದ್ದು, ನೀವೇ ಉಟ್ಕಳಿ."

ಇದರಿಂದ ಅಂಗಡಿಗೆ ಜನವೇನೂ ಮತ್ತೆ ನುಗ್ಗಿ ಬರಲಿಲ್ಲ. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಬೇಸರವಿಲ್ಲ ಎಂದರೆ ಸುಳ್ಳು. ಆದರೂ ಅಂದು ಅಂಗಡಿಯ ತುಂಬ ಎದ್ದ ನಗುವನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಆ ಸಂಜೆ ಬೇಗನೆ ಬಾಗಿಲು ಹಾಕಿ ಮನೆಗೆ ಹೋದೆವು. ಬೀಗರು, ನಾವು ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತೆವು. ರಾಗಿ ಮುದ್ದೆ, ಹುರುಳಿಕಾಳು ಸಾರು, ಶ್ಯಾವಿಗೆ ಪಾಯಸ. ಬಡಿಸುತ್ತಿದ್ದ ಸೊಸೆಯನ್ನು ಕೆಂಪಜ್ಜಿ ತಡೆದರು: "ನಿಲ್ಲವ್ವ, ನಿಮ್ ಮಾವುಂಗೆ ಇನ್ನೊಂದು ಮುದ್ದೆ ಇಕ್ಕು. ಅನ್ನೆರಡು ಸೀರೆ ಉಟ್ಟು ಸುಸ್ತಾಗವ್ರೆ."

"ಅನ್ನೊಂದು ಕಣಜ್ಜಿ," ಅಂದೆ.

"ಮತ್ತೆ ಆ ಕಂಪೂಟ್ರುದು ಯಾರುಟ್ಟಿದ್ದು, ನಾನಾ?"

ಸುಮಾಳಿಗೆ ನಕ್ಕು ನೆತ್ತಿಗೆ ಹತ್ತಿತು. ನಾನು ಎರಡನೇ ಮುದ್ದೆ ಹಾಕಿಸಿಕೊಂಡು ಉಂಡೆ.