ನವಿಲು ಮಾರ್ಕಿನ ಕರಿಬಸಮ್ಮ

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಕರಿಬಸಮ್ಮ ಯಾರನ್ನೂ ಪೂರ್ತಿ ನಂಬಿದವಳಲ್ಲ. ಹಾಲಿನವಳು ಅಳೆಯುವಾಗ ಪಾವಿನೊಳಗೆ ಬೆರಳಿಟ್ಟಿದ್ದಾಳೆಯೇ ಎಂದು ಬಗ್ಗಿ ನೋಡುತ್ತಿದ್ದಳು. ಗಂಡ ತೀರ್ಥಪ್ಪ ಸಂತೆಯಿಂದ ತಂದದ್ದನ್ನೂ ಮತ್ತೊಮ್ಮೆ ತೂಗುತ್ತಿದ್ದಳು. ಅವನು ನಕ್ಕುಬಿಡುತ್ತಿದ್ದ. ಅವನು ತೀರಿಕೊಂಡ ಮೇಲೆ, ಶಿವಗಣಾರಾಧನೆಯ ಊಟ ಮುಗಿಸಿ ಕೈ ತೊಳೆದ ಭಾವ, ಗಂಡನ ಸ್ವಂತ ಅಣ್ಣನೇ, ಗಿರಣಿಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಕೊಡು ಎಂದು ಕೇಳಿದ. ಅಂದಿನಿಂದ ಅವಳ ಅನುಮಾನಕ್ಕೆ ಬೇರು ಬಂತು.

ಭಾವನನ್ನು ಅಂಗಳದಿಂದಲೇ ಕಳಿಸಿ ಗಿರಣಿಯನ್ನು ತಾನೇ ನಡೆಸಿದಳು. ಆದರೆ ಹಿಟ್ಟು ಬೀಸುವುದರಿಂದ ಬರುತ್ತಿದ್ದುದು ಅಷ್ಟಕ್ಕಷ್ಟೆ. ಎಪ್ಪತ್ತನಾಲ್ಕನೇ ಇಸವಿಯಲ್ಲಿ, ತನ್ನ ತವರಿನಲ್ಲಿ ಬಾಣಂತಿಯರಿಗೆ ಮಾಡಿಕೊಡುತ್ತಿದ್ದ ಸೀಗೆಪುಡಿಯನ್ನು ಬೀಸಿ ಮಾರಲು ಶುರು ಮಾಡಿದಳು. ತರೀಕೆರೆ ಕಡೆಯ ಕಾಡಿನ ಸೀಗೆಕಾಯಿ, ಅಂಟುವಾಳ, ಮೆಂತ್ಯ, ಇನ್ನೆರಡು ಸೊಪ್ಪು. ಯಾವುದು ಎಷ್ಟು ಎಂಬುದು ಅವಳೊಬ್ಬಳಿಗೇ ಗೊತ್ತು. ಬೆರೆಸುವಾಗ ಗಿರಣಿಯ ಬಾಗಿಲು ಹಾಕಿ ಒಳಗಿನಿಂದ ಚಿಲಕ ಜಡಿಯುತ್ತಿದ್ದಳು. ಹೊರಗೆ ನಿಂತವರಿಗೆ ಬರೀ ಸೀನು ಕೇಳಿಸುತ್ತಿತ್ತು.

ಮಾರುವುದಕ್ಕೆ ತಮ್ಮ ಸೋಮಶೇಖರಪ್ಪನಿದ್ದ. ಸೈಕಲ್ಲಿನ ಹಿಂದೆ ಚೀಲ ಕಟ್ಟಿಕೊಂಡು ಕಡೂರು, ಚೌಳಹಿರಿಯೂರು, ತರೀಕೆರೆ ಎಂದು ಸುತ್ತುತ್ತಿದ್ದ. ಓದು ಬಾರದ ಹೆಂಗಸರು ಗುರುತು ಹಿಡಿಯಲಿ ಎಂದು ಪೊಟ್ಟಣದ ಮೇಲೆ ಒಂದು ಚಿತ್ರ ಬೇಕಾಯಿತು. ಕರಿಬಸಮ್ಮ ತರೀಕೆರೆಯ ಮಂಜಪ್ಪನ ಪ್ರೆಸ್ಸಿಗೆ ಹೋಗಿ, "ಒಂದು ನವಿಲು ಬರ್ಕೊಡಪ್ಪ, ಗರಿ ಬಿಚ್ಚಿರ್ಬೇಕು, ಗರಿ ಥರಾನೇ ಕೂದ್ಲು ಬೆಳೀತದೆ ಅಂತ ಜನಕ್ಕೆ ಅನ್ನಿಸ್ಬೇಕು" ಎಂದಳು. ಮಂಜಪ್ಪ ತಾನೇ ಬರೆದು ಅಚ್ಚು ಮಾಡಿಸಿದ. ಕೆಲವೇ ವರ್ಷಗಳಲ್ಲಿ ಆ ಕಡೆಯ ಅಂಗಡಿಗಳಲ್ಲಿ ಸೀಗೆಪುಡಿ ಎಂದು ಯಾರೂ ಕೇಳದಂತಾಯಿತು. "ನವಿಲು ಕೊಡಿ" ಎಂದರೆ ಸಾಕಾಗಿತ್ತು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಚೌಳಹಿರಿಯೂರಿನಿಂದ ಕೆಂಚಮ್ಮ ಎಂಬ ಹೆಂಗಸು ಮಗಳನ್ನು ಕರೆದುಕೊಂಡು ಗಿರಣಿಯ ಬಾಗಿಲಿಗೆ ಬಂದಳು. ಹುಡುಗಿಯ ಕಣ್ಣು ಕೆಂಡದಂತಾಗಿತ್ತು, ಕೂದಲು ಜಡೆಗಟ್ಟಿತ್ತು.

"ಏನಮ್ಮಾ, ನಿನ್ನ ನವಿಲು ನನ್ನ ಮಗಳ ಕಣ್ಣೇ ಕುಕ್ತಲ್ಲ! ನಾಳಿದ್ದು ಇವಳನ್ನ ನೋಡೋಕೆ ಗಂಡಿನೋರು ಬತ್ತಾರೆ. ಹಿಂಗೇ ಕೂರಿಸ್ಲಾ?"

ಕರಿಬಸಮ್ಮ ಪೊಟ್ಟಣ ಇಸಿದುಕೊಂಡು ಮೂಸಿದಳು. ಮರದ ಹೊಟ್ಟು, ಬಟ್ಟೆ ಒಗೆಯುವ ಸೋಡ. ನಾಲಿಗೆಗೆ ತಾಗಿಸಿ ಉಗಿದಳು. "ಇದು ನಂದಲ್ಲ ಕಣೇ" ಎಂದಳು. ಆದರೆ ಪೊಟ್ಟಣದ ಮೇಲೆ ಗರಿ ಬಿಚ್ಚಿ ನಿಂತಿದ್ದುದು ಅವಳದೇ ನವಿಲು. ತನ್ನ ಪೊಟ್ಟಣವನ್ನು ಪಕ್ಕದಲ್ಲಿಟ್ಟು ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಹುಡುಗಿಯನ್ನು ಬಚ್ಚಲಿಗೆ ಕರೆದೊಯ್ದು ತಾನೇ ಕೈಯಾರೆ ತಲೆ ತೊಳೆದು ಕಳಿಸಿದಳು. ಹಾಗೆ ತೊಳೆಯುತ್ತಿರುವಾಗಲೇ ಅವಳ ಮನಸ್ಸು ಲೆಕ್ಕ ಹಾಕಿ ಮುಗಿಸಿತ್ತು: ನವಿಲು ಒಂದೇ ಆದರೆ ಅಚ್ಚೂ ಒಂದೇ. ಅಚ್ಚು ಇರುವುದು ಮಂಜಪ್ಪನ ಹತ್ತಿರ.

ಮಾರನೆಯ ದಿನದ ಬಸ್ಸಿಗೇ ತರೀಕೆರೆಗೆ ಹೋದಳು. ಪ್ರೆಸ್ಸಿನ ಒಳಗೆ ಹೋಗದೆ ಬೀದಿಯಲ್ಲೇ ನಿಂತು ಕೂಗಿದಳು.

"ಹೊರಗೆ ಬಾರೋ ಮಂಜಪ್ಪ! ಕಳ್ಳ ಪೊಟ್ಟಣ ಯಾರಿಗೆ ಹೊಡ್ಕೊಟ್ಟೆ ಹೇಳು. ಎಂಥೋರನ್ನ ನಂಬಿ ಕೆಲಸ ಕೊಟ್ಟೆ ನೋಡು ನಾನು!"

ಹೋಟೆಲಿನ ಬಾಗಿಲಲ್ಲಿ ನಿಂತವರು ತಿರುಗಿ ನೋಡಿದರು. 'ಎಂಥೋರು' ಎಂದರೆ ಯಾರು ಎಂಬುದನ್ನು ಆ ಬೀದಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಂಜಪ್ಪನ ಅಪ್ಪ ಊರ ಹೊರಗಿನ ಕೇರಿಯಿಂದ ಬಂದು ಇದೇ ಬೀದಿಯಲ್ಲಿ ಕಸ ಗುಡಿಸಿದ್ದವನು. ಮಂಜಪ್ಪ ಒಳಗೆ ಹೋಗಿ ಅಚ್ಚನ್ನು ತಂದ. ಮಸಿ ಒರೆಸಿ ಅವಳ ಕೈಗಿಟ್ಟ.

"ತಗೊಳ್ಳಿ ಅಮ್ಮ. ಇನ್ನು ಈ ಕಡೆ ಬರ್ಬೇಡಿ."

ಅಚ್ಚು ಮನೆಯ ಪೆಟ್ಟಿಗೆ ಸೇರಿದರೂ ಕಳ್ಳ ನವಿಲುಗಳು ನಿಲ್ಲಲಿಲ್ಲ. ಕರಿಬಸಮ್ಮನಿಗೆ ಈಗ ಎಲ್ಲರೂ ಕಳ್ಳರಾಗಿ ಕಂಡರು. ಪೊಟ್ಟಣ ಕಟ್ಟುವ ಹೆಂಗಸರು ಮನೆಗೆ ಹೊರಟಾಗ ಸೆರಗು ಕೊಡವಿಸಿದಳು. ಅವರಲ್ಲಿ ಲಿಂಗಮ್ಮ ಎಂಬಾಕೆ ಸೆರಗು ಕೊಡವಿ, "ನಾಳೆಯಿಂದ ನಿನ್ನ ಪುಡಿ ನೀನೇ ಕಟ್ಕೋ" ಎಂದು ಹೋದವಳು ಮತ್ತೆ ಬರಲಿಲ್ಲ. ಕಡೂರಿನ ಅಂಗಡಿಗಳಿಗೆ ಮುಖಕ್ಕೆ ಸೆರಗು ಮರೆಮಾಡಿಕೊಂಡು ಗಿರಾಕಿಯಂತೆ ಹೋಗಿ ಪೊಟ್ಟಣ ಕೊಂಡು ಮೂಸಿ, ಇದನ್ನು ಯಾರು ತಂದು ಹಾಕುತ್ತಾರೆ ಎಂದು ವಿಚಾರಿಸಿದಳು. ಒಬ್ಬ ಅಂಗಡಿಯವನು ಗುರುತು ಹಿಡಿದು, "ಇದೇನಮ್ಮ ಹಿಂಗೆ ಕೇಳ್ತೀರ? ನಿಮ್ಮೋರೇ ತಾನೇ ತಂದು ಹಾಕೋದು" ಎಂದ. 'ನಿಮ್ಮೋರು' ಎಂದರೆ ಯಾರು ಎಂದು ಕೇಳುವಷ್ಟರಲ್ಲಿ ಅವನು ಬೇರೆ ಗಿರಾಕಿಯ ಕಡೆ ತಿರುಗಿದ್ದ. ಭಾವನಿರಬಹುದೆಂದು ಅವಳು ಹಲ್ಲು ಕಚ್ಚಿದಳು.

ಕಡೂರಿನ ವಕೀಲ ಮಲ್ಲಿಕಾರ್ಜುನಪ್ಪನವರ ಮನೆಗೆ ಹೋದದ್ದು ಆ ಸಿಟ್ಟಿನಲ್ಲೇ. ಅವರು ಎಲ್ಲವನ್ನೂ ಕೇಳಿ, "ನಿಮ್ಮ ನವಿಲನ್ನ ಟ್ರೇಡ್ ಮಾರ್ಕ್ ಅಂತ ರಿಜಿಸ್ಟರ್ ಮಾಡಿಸಿದ್ದೀರೇನಮ್ಮ?" ಎಂದರು.

"ನನ್ನ ನವಿಲಿಗೆ ಇನ್ಯಾರನ್ನ ಕೇಳ್ಬೇಕು?"

"ನವಿಲು ಯಾರದ್ದೂ ಅಲ್ಲ. ಸೀಗೆಪುಡಿ ಪೊಟ್ಟಣದ ಮೇಲಿನ ನವಿಲು ನಿಮ್ಮದು ಅಂತ ಸರ್ಕಾರ ಒಪ್ಕೊಂಡ್ರೆ, ಬೇರೆ ಯಾರು ಹಾಕಿದ್ರೂ ಕೋರ್ಟಿಗೆ ಎಳೀಬಹುದು. ಮದ್ರಾಸಿನಲ್ಲಿ ಆಫೀಸಿದೆ. ಅರ್ಜಿ ಹಾಕೋಣ."

ಅರ್ಜಿಗೆ ಅಂಟಿಸಲು ಪೊಟ್ಟಣ ಕೇಳಿದಾಗ, ಇವರೂ ನಕಲು ಮಾಡಿಸಿಬಿಟ್ಟರೆ ಎಂದು ಒಂದು ಗಳಿಗೆ ಅವಳ ಕೈ ತಡೆಯಿತು. ಕೊನೆಗೆ ಕೊಟ್ಟಳು.

ಮದ್ರಾಸಿನಿಂದ ಉತ್ತರ ಬಂದ ದಿನ ವಕೀಲರು ಅವಳನ್ನು ಕರೆಸಿ, ಮೊದಲು ಕೂರಲು ಹೇಳಿದರು. ಅದೇ ನವಿಲಿಗೆ, ಅದೇ ಸೀಗೆಪುಡಿಗೆ ಆಗಲೇ ಇನ್ನೊಬ್ಬರ ಅರ್ಜಿ ಬಿದ್ದಿತ್ತು. ಅರ್ಜಿದಾರನ ಹೆಸರು ಸೋಮಶೇಖರಪ್ಪ.

ಅನುಮಾನ ಪಡದೆ ಬಿಟ್ಟಿದ್ದ ಒಬ್ಬನೇ ಒಬ್ಬ ಅವನು.

ಸಂಜೆ ತಮ್ಮ ಎಂದಿನಂತೆ ಸೈಕಲ್ ಒರಗಿಸಿ ಊಟಕ್ಕೆ ಕುಳಿತಾಗ ಕರಿಬಸಮ್ಮ ತಟ್ಟೆಗೆ ಮುದ್ದೆ ಇಟ್ಟು ಕೇಳಿದಳು. "ಲೇ ಸೋಮ, ನನ್ನ ನವಿಲನ್ನ ನಿನ್ನ ಹೆಸರಿಗೆ ಬರೆಸ್ಕೊಳ್ತಿದೀಯಂತೆ?"

ಅವನು ಬೆಚ್ಚಲಿಲ್ಲ. ಇಂದಲ್ಲ ನಾಳೆ ಈ ಮಾತು ಬಂದೇ ಬರುತ್ತದೆಂದು ಕಾದಿದ್ದವನ ಹಾಗೆ ಕೈ ನಿಲ್ಲಿಸಿದ.

"ಪುಡಿ ನಿಂದು ಅಕ್ಕಾ. ನವಿಲು ನಂದು. ಬಿಸಿಲು ಮಳೆ ಅನ್ನದೆ ಊರೂರು ತುಳಿದೋನು ನಾನು. ಅಂಗಡಿಯೋರಿಗೆ ನವಿಲು ಅಂದ್ರೆ ನನ್ನ ಮುಖ. ಪಾಲು ಕೊಡು ಅಂದೆ, ಕೊಡ್ಲಿಲ್ಲ. ಬೆರೆಸೋದಾದ್ರೂ ಹೇಳ್ಕೊಡು ಅಂದೆ, ಚಿಲಕ ಹಾಕ್ಕೊಂಡೆ. ನಾನೇನು ಕೂಲಿಯೋನಾ?"

"ಅದಕ್ಕೆ ಮರದ ಹೊಟ್ಟು ತುಂಬಿಸ್ದ್ಯಾ? ಆ ಹುಡುಗಿ ಕಣ್ಣು ನೋಡ್ಬೇಕಿತ್ತು ನೀನು."

ಅವನು ತಲೆ ತಗ್ಗಿಸಿದ. ಶಿವಮೊಗ್ಗದಲ್ಲಿ ಒಂದು ಪೊಟ್ಟಣ ತೋರಿಸಿ ಅದರಂತೆಯೇ ಬೇರೆ ಅಚ್ಚು ಮಾಡಿಸಿದ್ದನ್ನು ಒಪ್ಪಿಕೊಂಡ. ಆದರೆ ಅರ್ಜಿ ಹಿಂದಕ್ಕೆ ತೆಗೆಯುವುದಿಲ್ಲ ಎಂದು ಊಟ ಬಿಟ್ಟು ಎದ್ದ.

ವಕೀಲರು ಧೈರ್ಯ ಹೇಳಿದರು. "ಮೊದಲು ಅರ್ಜಿ ಹಾಕ್ದೋರು ಯಾರು ಅನ್ನೋದಕ್ಕಿಂತ ಮೊದಲು ಆ ಗುರುತಲ್ಲಿ ವ್ಯಾಪಾರ ಮಾಡ್ದೋರು ಯಾರು ಅನ್ನೋದು ದೊಡ್ಡದು. ನಾವು ತಕರಾರು ಹಾಕೋಣ. ಆದ್ರೆ ನವಿಲು ಬರೆದೋನು, ಯಾರು ಹೇಳಿ ಬರೆಸಿದ್ರು ಅಂತ ಪ್ರಮಾಣ ಮಾಡಿ ಹೇಳ್ಬೇಕು."

ಕರಿಬಸಮ್ಮನಿಗೆ ಮಂಜಪ್ಪನ ಮುಂದೆ ಹೋಗಿ ನಿಲ್ಲುವುದಕ್ಕಿಂತ ನವಿಲು ಹೋದರೆ ಹೋಗಲಿ ಅನ್ನಿಸಿತು. ಕೆಲವು ದಿನ ಹಾಗೇ ಇದ್ದಳು. ಆಮೇಲೆ ಹೋದಳು.

ಮಂಜಪ್ಪ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ತಲೆ ಎತ್ತದೆಯೇ ಎಲ್ಲ ಕೇಳಿಸಿಕೊಂಡು, "ನಡೆದದ್ದನ್ನ ಹೇಳೋಕೆ ನಂಗೇನೂ ಕಷ್ಟ ಇಲ್ಲ. ಆದ್ರೆ ಅವತ್ತು ಬೀದೀಲಿ ಒಂದು ಮಾತಂದ್ರಿ. ಅದನ್ನ ಒಳಗೆ ಬಂದು ಮೆತ್ತಗೆ ವಾಪಸ್ ತಗೊಂಡ್ರೆ ಬೀದಿಗೆ ಕೇಳಿಸಲ್ಲ" ಎಂದ.

ಅವಳು ಹೊರಗೆ ಬಂದಳು. ಮಧ್ಯಾಹ್ನದ ಬಸ್ಸಿಗೆ ಕಾದ ಜನ ಹೋಟೆಲಿನ ಮುಂದೆ ತುಂಬಿದ್ದರು. ಸೆರಗು ಹೊದ್ದು ಗಟ್ಟಿಯಾಗಿ ಹೇಳಿದಳು. "ಈ ಮಂಜಪ್ಪನೋರು ಕಳ್ರು ಅಂದಿದ್ದೆ. ಸುಳ್ಳು. ಕಳ್ಳ ನಮ್ಮ ಮನೇಲೇ ಇದ್ದ, ನನ್ನ ಒಡಹುಟ್ಟಿದೋನು. ಎಂಥೋರು ಅಂದಿದ್ದೂ ತಪ್ಪು." ಯಾರೋ ಕಿಸಕ್ಕನೆ ನಕ್ಕರು. ಬಾಗಿಲಿಗೆ ಬಂದು ನಿಂತಿದ್ದ ಮಂಜಪ್ಪ ನಗಲಿಲ್ಲ. ಅಂಗಿ ಬದಲಿಸಿಕೊಂಡು ಬಂದು, ವಕೀಲರ ಮನೆಗೆ ಹೋಗಲು ಅವಳ ಜೊತೆ ಅದೇ ಬಸ್ಸು ಹತ್ತಿದ.

ತೀರ್ಮಾನ ಬರಲು ವರ್ಷಗಳೇ ಹಿಡಿದವು. ವಿಚಾರಣೆಗೆ ಸೋಮಶೇಖರಪ್ಪ ಮದ್ರಾಸಿಗೆ ಹೋಗಲೇ ಇಲ್ಲ. ಎಂಬತ್ತಮೂರರಲ್ಲಿ ನವಿಲು ಕರಿಬಸಮ್ಮನ ಹೆಸರಿಗಾಯಿತು. ಅಷ್ಟರಲ್ಲಿ ತಮ್ಮ ಬೀರೂರಿಗೆ ಹೋಗಿ ಈರುಳ್ಳಿ ಬೀಜದ ಅಂಗಡಿ ಇಟ್ಟಿದ್ದ. ಹಬ್ಬಕ್ಕೂ ಬರುತ್ತಿರಲಿಲ್ಲ. ಗುರುತು ಸಿಕ್ಕಿತು, ಆದರೆ ಅವನ ಮುಖ ನೋಡಿ ಕೊಳ್ಳುತ್ತಿದ್ದ ಅಂಗಡಿಗಳು ಕೈಬಿಟ್ಟವು. ಐವತ್ತರ ಹತ್ತಿರದ ಕರಿಬಸಮ್ಮ ತಾನೇ ಚೀಲ ಹೊತ್ತು ಊರೂರು ತಿರುಗುವಂತಾಯಿತು. ಮಂಜಪ್ಪ ಮತ್ತೆ ಪೊಟ್ಟಣ ಅಚ್ಚು ಹಾಕಿಕೊಟ್ಟ. ಅಚ್ಚು ಕೆಟ್ಟ ಹಾಳೆಗಳನ್ನು ಅವಳು ಕೇಳುವ ಮೊದಲೇ ಅವಳೆದುರೇ ಹರಿದು ಹಾಕುತ್ತಿದ್ದ. ಅದರಲ್ಲಿ ಕೊಂಕಿತ್ತೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ.

ಎಂಬತ್ತಾರರಲ್ಲಿ ಒಮ್ಮೆ ತರೀಕೆರೆಯಿಂದ ಹೊಸ ಪೊಟ್ಟಣಗಳ ಕಟ್ಟು ಹೊತ್ತು ಬೀರೂರಿನಲ್ಲಿ ರೈಲು ಬದಲಿಸುತ್ತಿದ್ದಳು. ಕಟ್ಟನ್ನು ರೈಲಿನ ಮೆಟ್ಟಿಲ ಮೇಲೆತ್ತಲಾಗದೆ ಒದ್ದಾಡುವಾಗ ಹಿಂದಿನಿಂದ ಎರಡು ಕೈ ಬಂದು ಅದನ್ನು ಮೇಲಿಟ್ಟವು. ತಿರುಗಿದರೆ ತಮ್ಮ. ಕೂದಲು ನರೆತಿತ್ತು.

"ಒಬ್ಳೇ ಹೊರ್ತೀಯಾ ಅಕ್ಕಾ ಇದನ್ನ?"

"ಇನ್ಯಾರು ಹೊರ್ತಾರೆ?"

"ಯಾರನ್ನಾದ್ರೂ ನಂಬಿ ಇಟ್ಕೋ" ಎಂದ. ಅವಳು ಏನಾದರೂ ಹೇಳುವ ಮೊದಲೇ ಗಾರ್ಡಿನ ಸೀಟಿ ಕೇಳಿತು. ಅವಳು ಹತ್ತಿಕೊಳ್ಳುತ್ತಿದ್ದಂತೆ ರೈಲು ಅಲುಗಿತು. ಪ್ಲಾಟ್‌ಫಾರ್ಮಿನಲ್ಲಿ ನಿಂತ ಅವನು ಚಿಕ್ಕದಾಗಿ ಕಾಣುತ್ತ ಹೋದ. ಮನೆಗೆ ಬಾ ಎನ್ನಬೇಕಿತ್ತು ಎಂದು ಅವಳಿಗೆ ಹೊಳೆದದ್ದು ಆಮೇಲೆ. ಅದಕ್ಕೂ ಮೊದಲೇ ಅವಳ ಕೈ ತಾನಾಗಿ ಕಟ್ಟಿನ ಮೇಲೆ ಹೋಗಿ, ಹುರಿಯ ಗಂಟು ಬಿಚ್ಚಿದೆಯೇ ಎಂದು ತಡವಿ ನೋಡುತ್ತಿತ್ತು.